ಕಂಪ್ಯೂಟರಿನಿಂದ ಟೆಲಿವಿಷನ್ನಿಗೆ ಕೃಷಿ ವಿಡಿಯೋ

(ರೈತ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಉಪಗ್ರಹದ ಮೂಲಕ ಟೆಲಿವಿಷನ್ ಶಿಕ್ಷಣದ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಇದರಲ್ಲಿ ಸೇರಿದ್ದವು. ತಂತಿ ಬಲೆಯ ದೊಡ್ಡ ಆಂಟೆನಾ ನಿಲ್ಲಿಸಿ, ಊರಿಗೆ ಒಂದರಂತೆ ಟೆಲಿವಿಷನ್ ಇಟ್ಟು, ಬೇಸಾಯ, ಆರೋಗ್ಯ ಮುಂತಾದ ಕಾರ್ಯಕ್ರಮಗಳನ್ನು ತೋರಿಸಲಾಯಿತು. ಊರಿನವರು ಒಟ್ಟಾಗಿ ಕುಳಿತು ನೋಡುತ್ತಿದ್ದರು. ಆದರೆ ಕಾರ್ಯಕ್ರಮ ಬಂದ ಹೊತ್ತಿಗೇ ನೋಡಬೇಕಾಗಿತ್ತು. ನಿಲ್ಲಿಸಿ ಮತ್ತೊಮ್ಮೆ ನೋಡುವಂತಿರಲಿಲ್ಲ.

ಈಗ ಬೇಕಾದ ವಿಡಿಯೋ ಬೇಕಾದ ಹೊತ್ತಿಗೆ ಇಂಟರ್‌ನೆಟ್ ಮೂಲಕ ಮನೆಗೇ ಬರುತ್ತದೆ. ಆದರೆ ಹೆಚ್ಚಿನವರು ಅದನ್ನು ಅಂಗೈ ಅಗಲದ ಮೊಬೈಲಿನಲ್ಲಿ ಒಬ್ಬೊಬ್ಬರೇ ನೋಡುತ್ತಾರೆ. ಇದರಿಂದ ಆಗುವ ನಷ್ಟಕ್ಕೆ ಒಂದು ಉದಾಹರಣೆ ಸಾಕು. 2018ರಲ್ಲಿ ಕರ್ನಾಟಕದ ಮುಸುಕಿನ ಜೋಳದ ಹೊಲಗಳಲ್ಲಿ ಫಾಲ್ ಸೈನಿಕ ಹುಳು ಕಾಣಿಸಿಕೊಂಡಿತು. ಅದರ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದಂಥ ಗುರುತು, ಬಾಲದ ತುದಿಯ ಹತ್ತಿರ ಚೌಕದಂತೆ ನಾಲ್ಕು ಕಪ್ಪು ಚುಕ್ಕೆ ಇರುತ್ತವೆ. ಬೇರೆ ಹುಳುವಿನಿಂದ ಇದನ್ನು ಬೇರ್ಪಡಿಸಿ ಗುರುತಿಸಲು ಇವೇ ಆಧಾರ. ಮರಿಹುಳು ಚಿಕ್ಕದಿರುವಾಗ ಹತೋಟಿ ಸುಲಭ. ಬೆಳೆದು ಸುಳಿಯೊಳಗೆ ಸೇರಿಕೊಂಡರೆ ಸಿಂಪಡಿಸಿದ ಔಷಧಿ ತಗಲುವುದು ಕಷ್ಟ. ಇಂಥ ಗುರುತನ್ನು ಇಪ್ಪತ್ತು ಜನ ಒಟ್ಟಿಗೆ ನೋಡಿ ಚರ್ಚಿಸಬೇಕಾದರೆ ಟೆಲಿವಿಷನ್ನಿನ ದೊಡ್ಡ ಪರದೆಯೇ ಬೇಕು. ಜನ ಸೇರಿದ ಮೇಲೆ ಚಿತ್ರ ನಿಂತು, ಪರದೆಯ ಮೇಲೆ ಚಕ್ರ ಮಾತ್ರ ಸುತ್ತತೊಡಗಿದರೆ ಅವರು ಎದ್ದು ಹೋಗುತ್ತಾರೆ. ಹುಳು ಮಾತ್ರ ಮುಂದಿನ ಸಭೆಯವರೆಗೆ ಕಾಯುವುದಿಲ್ಲ.

ವಿಡಿಯೋ ಹರಿದು ಬರುವ ರೀತಿ

ವಿಡಿಯೋ ಇಡಿಯಾಗಿ ಒಮ್ಮೆಗೇ ಬರುವುದಿಲ್ಲ. ಕೆಲವು ಸೆಕೆಂಡುಗಳಷ್ಟು ಉದ್ದದ ತುಣುಕುಗಳಾಗಿ ಒಂದರ ಹಿಂದೆ ಒಂದು ಬರುತ್ತದೆ. ಬಂದ ತುಣುಕುಗಳನ್ನು ಕಂಪ್ಯೂಟರು ಸ್ವಲ್ಪ ಶೇಖರಿಸಿಟ್ಟುಕೊಂಡು ತೋರಿಸುತ್ತಾ ಹೋಗುತ್ತದೆ. ಕರೆಂಟು ಇದ್ದಾಗ ತೊಟ್ಟಿ ತುಂಬಿಸಿಕೊಂಡು ತೋಟಕ್ಕೆ ನೀರು ಬಿಡುವ ರೈತನಿಗೆ ಇದು ಹೊಸದಲ್ಲ. ಬರುವ ನೀರಿಗಿಂತ ಹೋಗುವ ನೀರು ಹೆಚ್ಚಾದರೆ ತೊಟ್ಟಿ ಬರಿದಾಗುತ್ತದೆ. ಚಿತ್ರವೂ ಹಾಗೆಯೇ ನಿಲ್ಲುತ್ತದೆ.

ಎಷ್ಟು ವೇಗ ಬೇಕೆಂಬುದು ಚಿತ್ರದ ಸ್ಪಷ್ಟತೆಯನ್ನು ಅವಲಂಬಿಸಿದೆ. 480 ಗೆರೆಗಳ ಸಾಧಾರಣ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 1.1 ಮೆಗಾಬಿಟ್, 720 ಗೆರೆಗಳಿಗೆ 2.5, 1080 ಗೆರೆಗಳಿಗೆ 5 ಮೆಗಾಬಿಟ್ ವೇಗವಿದ್ದರೆ ಸಾಕು. ಈ ಲೆಕ್ಕದಂತೆ ಒಂದು ಗಂಟೆಗೆ ಕ್ರಮವಾಗಿ ಅರ್ಧ ಜಿಬಿ, 1 ಜಿಬಿಗಿಂತ ತುಸು ಹೆಚ್ಚು ಮತ್ತು ಸುಮಾರು 2.25 ಜಿಬಿ ಡೇಟಾ ಖರ್ಚಾಗುತ್ತದೆ. ಮೊಬೈಲಿನ ದಿನದ ಮಿತಿಯಲ್ಲಿ ನಡೆಸುವವರು ಇದನ್ನು ಗಮನದಲ್ಲಿಡಬೇಕು. ಸಾಧಾರಣ ಟೆಲಿವಿಷನ್ನಿನಲ್ಲಿ ಹುಳುವಿನ ಗುರುತು ಕಾಣಲು 720 ಗೆರೆಗಳ ಚಿತ್ರ ಸಾಕಾಗುತ್ತದೆ.

ತಂತಿಯ ಜೋಡಣೆ

ಕಂಪ್ಯೂಟರಿನಿಂದ ಟೆಲಿವಿಷನ್ನಿಗೆ ಚಿತ್ರ ಒಯ್ಯಲು ಅತ್ಯಂತ ಭರವಸೆಯ ಸಾಧನ ಎಚ್‌ಡಿಎಂಐ ತಂತಿ. ಚಿತ್ರ, ಧ್ವನಿ ಎರಡನ್ನೂ ಇದೊಂದೇ ಒಯ್ಯುತ್ತದೆ. ತಂತಿ 5 ಮೀಟರಿನೊಳಗೆ ಇದ್ದರೆ ತೊಂದರೆ ಕಡಿಮೆ. ಅನುಸರಿಸಬೇಕಾದ ಕ್ರಮ ಹೀಗಿದೆ:

1. ತಂತಿಯ ಒಂದು ತುದಿಯನ್ನು ಕಂಪ್ಯೂಟರಿಗೂ ಇನ್ನೊಂದನ್ನು ಟೆಲಿವಿಷನ್ನಿಗೂ ಸಿಕ್ಕಿಸಬೇಕು. ಟೆಲಿವಿಷನ್ನಿನಲ್ಲಿ ಸಿಕ್ಕಿಸಿದ ಕಿಂಡಿಯ ಸಂಖ್ಯೆಯನ್ನು ನೋಡಿಟ್ಟುಕೊಳ್ಳಬೇಕು.

2. ರಿಮೋಟಿನ 'ಸೋರ್ಸ್' ಅಥವಾ 'ಇನ್‌ಪುಟ್' ಗುಂಡಿ ಒತ್ತಿ ಅದೇ ಸಂಖ್ಯೆಯ ಎಚ್‌ಡಿಎಂಐ ಆರಿಸಬೇಕು. ಚಿತ್ರ ಬರಲಿಲ್ಲವೆಂಬ ದೂರಿಗೆ ಅನೇಕ ವೇಳೆ ಈ ಕ್ರಮ ಬಿಟ್ಟಿರುವುದೇ ಕಾರಣ.

3. ವಿಂಡೋಸ್ ಕಂಪ್ಯೂಟರಿನಲ್ಲಿ ವಿಂಡೋಸ್ ಗುಂಡಿ ಮತ್ತು 'ಪಿ' ಗುಂಡಿಯನ್ನು ಒಟ್ಟಿಗೆ ಒತ್ತಿ 'ಡೂಪ್ಲಿಕೇಟ್' ಆರಿಸಿದರೆ ಎರಡೂ ಪರದೆಗಳಲ್ಲಿ ಒಂದೇ ಚಿತ್ರ ಬರುತ್ತದೆ.

4. ಚಿತ್ರ ಬಂದು ಧ್ವನಿ ಮಾತ್ರ ಕಂಪ್ಯೂಟರಿನಲ್ಲೇ ಉಳಿದರೆ, ಪರದೆಯ ಕೆಳಮೂಲೆಯ ಸ್ಪೀಕರ್ ಗುರುತಿನಿಂದ ಧ್ವನಿ ಹೊರಡುವ ಸಾಧನವಾಗಿ ಟೆಲಿವಿಷನ್ನನ್ನು ಆರಿಸಬೇಕು.

ಹಳೆಯ ಕಂಪ್ಯೂಟರಿನಲ್ಲಿ 15 ಸೂಜಿಗಳ ವಿಜಿಎ ಕಿಂಡಿ ಮಾತ್ರ ಇದ್ದರೆ ಅದು ಚಿತ್ರವನ್ನಷ್ಟೇ ಒಯ್ಯುತ್ತದೆ. ಧ್ವನಿಗೆ ಬೇರೆ ತಂತಿ ಬೇಕು. ಹಳದಿ, ಬಿಳಿ, ಕೆಂಪು ಕಿಂಡಿಗಳಷ್ಟೇ ಇರುವ ಹಳೆಯ ಟೆಲಿವಿಷನ್ನಿಗೆ ಎಚ್‌ಡಿಎಂಐಯಿಂದ ಎವಿಗೆ ಬದಲಾಯಿಸುವ ಪುಟ್ಟ ಪೆಟ್ಟಿಗೆ ಸಿಗುತ್ತದೆ. ಎವಿಯಿಂದ ಎಚ್‌ಡಿಎಂಐಗೆ ಬದಲಾಯಿಸುವ ಪೆಟ್ಟಿಗೆ ಬೇರೆಯೇ. ನೋಡಲು ಎರಡೂ ಒಂದೇ ತೆರನಾಗಿರುವುದರಿಂದ ಮೇಲಿನ ಬರಹ ಓದಿ ಕೊಳ್ಳುವುದು ಒಳ್ಳೆಯದು.

ತಂತಿಯಿಲ್ಲದ ವಿಧಾನ

ತಂತಿಯಿಲ್ಲದೆ ಕಳುಹಿಸಲು ಮುಖ್ಯವಾಗಿ ಎರಡು ಮಾರ್ಗಗಳಿವೆ. ಇವುಗಳ ವ್ಯತ್ಯಾಸ ತಿಳಿಯದೆ ಅನೇಕರು ತೊಂದರೆಪಡುತ್ತಾರೆ.

ಮೊದಲನೆಯದು 2012ರಲ್ಲಿ ಬಂದ ಮಿರಾಕಾಸ್ಟ್. ವಿಂಡೋಸ್ ಗುಂಡಿ ಮತ್ತು 'ಕೆ' ಗುಂಡಿ ಒಟ್ಟಿಗೆ ಒತ್ತಿದರೆ ಹತ್ತಿರದ ಟೆಲಿವಿಷನ್ನಿನ ಹೆಸರು ಕಾಣುತ್ತದೆ. ಇಲ್ಲಿ ಕಂಪ್ಯೂಟರು ತನ್ನ ಪರದೆಯನ್ನೇ ಬಿಡುವಿಲ್ಲದೆ ಕಳುಹಿಸುತ್ತಿರಬೇಕು. ಹಳೆಯ ಕಂಪ್ಯೂಟರಿಗೆ ಇದು ಭಾರವಾಗಿ ಚಿತ್ರ ತಡೆತಡೆದು ಬರಬಹುದು.

ಎರಡನೆಯದು ಕ್ರೋಮ್‌ಕಾಸ್ಟ್, 2013ರಲ್ಲಿ ಇದು ಮಾರುಕಟ್ಟೆಗೆ ಬಂದಿತು. ಈ ಸೌಲಭ್ಯ ಒಳಗೇ ಇರುವ ಟೆಲಿವಿಷನ್ನುಗಳೂ ಇವೆ. ಯೂಟ್ಯೂಬಿನ 'ಕಾಸ್ಟ್' ಗುರುತು ಒತ್ತಿದಾಗ ಟೆಲಿವಿಷನ್ನೇ ನೇರವಾಗಿ ಇಂಟರ್‌ನೆಟ್ಟಿನಿಂದ ವಿಡಿಯೋ ಎಳೆದುಕೊಳ್ಳುತ್ತದೆ. ಕಂಪ್ಯೂಟರು ರಿಮೋಟಿನ ಕೆಲಸ ಮಾತ್ರ ಮಾಡುತ್ತದೆ. ಆದ್ದರಿಂದ ವೈಫೈ ಟೆಲಿವಿಷನ್ ಇರುವ ಜಾಗಕ್ಕೆ ಚೆನ್ನಾಗಿ ತಲುಪಬೇಕು, ಎರಡೂ ಒಂದೇ ವೈಫೈಗೆ ಸೇರಿರಬೇಕು.

ವೈಫೈನಲ್ಲಿ 2.4 ಗಿಗಾಹರ್ಟ್ಸ್ ಅಲೆ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ವೇಗ ಕಡಿಮೆ. 5 ಗಿಗಾಹರ್ಟ್ಸ್ ಅಲೆಯ ವೇಗ ಹೆಚ್ಚು, ಆದರೆ ಗೋಡೆ ಅಡ್ಡ ಬಂದರೆ ಬೇಗ ಕುಗ್ಗುತ್ತದೆ. ದಪ್ಪ ಮಣ್ಣಿನ ಗೋಡೆಯ ಮನೆಗಳಲ್ಲಿ ರೂಟರನ್ನು ಮೂಲೆಯಲ್ಲಿ ಅಡಗಿಸಿಡದೆ, ಟೆಲಿವಿಷನ್ ಇರುವ ಅಂಕಣದಲ್ಲೇ ಎತ್ತರದಲ್ಲಿ ಇಡುವುದು ಸೂಕ್ತ.

ದೋಷ ಎಲ್ಲಿದೆ?

ತೋಟದ ಕೊನೆಗೆ ನೀರು ಬರದಿದ್ದರೆ ರೈತ ಮೊದಲು ಪೈಪು ಅಗೆಯುವುದಿಲ್ಲ. ಬಾವಿಯಿಂದ ನೋಡುತ್ತಾ ಬರುತ್ತಾನೆ. ಇಲ್ಲಿಯೂ ಅದೇ ಕ್ರಮ. ಮೊದಲು ವಿಡಿಯೋವನ್ನು ಕಂಪ್ಯೂಟರಿನಲ್ಲಿ ಮಾತ್ರ ಹಾಕಿ ನೋಡಬೇಕು. ಅಲ್ಲೂ ನಿಲ್ಲುತ್ತಿದ್ದರೆ ಟೆಲಿವಿಷನ್ನಿನ ತಪ್ಪಲ್ಲ. ಆಗ ಕಂಪ್ಯೂಟರನ್ನು ಲ್ಯಾನ್ ತಂತಿಯಿಂದ ನೇರವಾಗಿ ರೂಟರಿಗೆ ಜೋಡಿಸಬೇಕು. ಚಿತ್ರ ಸರಾಗವಾದರೆ ದೋಷ ವೈಫೈನದು. ಆಗಲೂ ನಿಂತರೆ ಹೊರಗಿನ ಸಂಪರ್ಕ ಸಾಲದು, ಚಿತ್ರದ ಗೆರೆಗಳನ್ನು ಇಳಿಸಬೇಕು. ಕಂಪ್ಯೂಟರಿನಲ್ಲಿ ಸರಾಗವಾಗಿದ್ದು ಟೆಲಿವಿಷನ್ನಿನಲ್ಲಿ ಮಾತ್ರ ತಡವರಿಸಿದರೆ ದೋಷ ಅವೆರಡರ ನಡುವೆ ಇದೆ. ಎಚ್‌ಡಿಎಂಐ ತಂತಿ ಹಾಕಿ ನೋಡಬೇಕು. ಹಣ ಕೊಟ್ಟು ನೋಡುವ ಕೆಲವು ಚಲನಚಿತ್ರಗಳು ನಕಲು ತಡೆಯುವ ವ್ಯವಸ್ಥೆಯಿಂದಾಗಿ ಟೆಲಿವಿಷನ್ನಿನಲ್ಲಿ ಕಪ್ಪಾಗಿ ಕಾಣಬಹುದು. ಅದು ತಂತಿಯ ದೋಷವೇ ಆಗಿರಬೇಕೆಂದಿಲ್ಲ.

ಸಭೆಗೆ ಮುನ್ನ

ಪರೀಕ್ಷೆಯನ್ನು ಸಭೆ ನಡೆಯುವ ಹೊತ್ತಿನಲ್ಲೇ ಹಿಂದಿನ ದಿನ ಮಾಡಬೇಕು. ಮಧ್ಯಾಹ್ನ ಚೆನ್ನಾಗಿ ಬಂದ ವಿಡಿಯೋ, ಊರೆಲ್ಲಾ ಇಂಟರ್‌ನೆಟ್ ಬಳಸುವ ಸಂಜೆ ಏಳು ಗಂಟೆಗೆ ಬಾರದಿರಬಹುದು. ಕರೆಂಟು ಹೋದರೆ ರೂಟರು ಆರಿ, ಮತ್ತೆ ಸಂಪರ್ಕ ಸಿಗಲು ಕೆಲವು ನಿಮಿಷ ಬೇಕಾಗುವುದರಿಂದ ಅದಕ್ಕೊಂದು ಚಿಕ್ಕ ಬ್ಯಾಟರಿ ಇದ್ದರೆ ಅನುಕೂಲ.

ಸಂಪರ್ಕ ತೀರಾ ದುರ್ಬಲವಾದ ಊರುಗಳಲ್ಲಿ ವಿಡಿಯೋ ತಯಾರಿಸಿದ ಸಂಸ್ಥೆಯಿಂದಲೇ ಅದರ ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಕೇಳಿ ಪಡೆಯುವುದು ಮೇಲು. ಎಂಪಿ4 ರೂಪದಲ್ಲಿ, ಎಚ್.264 ವಿಧಾನದಲ್ಲಿದ್ದರೆ ಯುಎಸ್‌ಬಿ ಕಿಂಡಿಯಿರುವ ಬಹುತೇಕ ಟೆಲಿವಿಷನ್ನುಗಳು ಅದನ್ನು ನೇರವಾಗಿ ತೋರಿಸುತ್ತವೆ. ಎಚ್.265 ವಿಧಾನದ ವಿಡಿಯೋ ಹಳೆಯವುಗಳಲ್ಲಿ ಬಾರದೆ ಇರಬಹುದು.

ಕೊನೆಯದಾಗಿ, ವಿಡಿಯೋ ಹಾಕಿ ಸುಮ್ಮನೆ ಕೂರುವುದರಿಂದ ಪ್ರಯೋಜನ ಕಡಿಮೆ. ಹುಳುವಿನ ತಲೆ ಕಾಣುವ ಜಾಗದಲ್ಲಿ ಚಿತ್ರವನ್ನು ನಿಲ್ಲಿಸಬೇಕು. ಆ ದಿನ ಊರಿನ ಹೊಲದಿಂದಲೇ ತಂದ ಸುಳಿಯನ್ನು ಬಿಡಿಸಿ, ಅದರಲ್ಲಿರುವ ಹುಳುವನ್ನು ಪರದೆಯ ಹುಳುವಿನ ಪಕ್ಕಕ್ಕೆ ಹಿಡಿದು ಎಲ್ಲರೂ ನೋಡಬೇಕು. ಸಂದೇಹ ಉಳಿದರೆ ಮಾರನೆಯ ಬೆಳಿಗ್ಗೆಯೇ ಹುಳು ಸಮೇತ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ವಿಚಾರಿಸಿ, ಆಮೇಲೆ ಔಷಧಿ ಕೊಳ್ಳಬೇಕು.