ಸುಲ್ತಾನನ ಬಿಡಾರದಲ್ಲಿ ಒಬ್ಬ ಅತಿಥಿ



1219ನೇ ಇಸವಿಯ ಮಾತು. ಈಜಿಪ್ಟಿನಲ್ಲಿ ನೈಲ್ ನದಿಯ ಪೂರ್ವದ ಕವಲು ಕಡಲು ಸೇರುವ ಕಡೆ ದಮಿಯೆಟ್ಟಾ ಎಂಬ ಕೋಟೆ ಪಟ್ಟಣವಿತ್ತು. ಯುರೋಪಿನಿಂದ ಹಡಗೇರಿ ಬಂದ ಐದನೆಯ ಕ್ರುಸೇಡಿನ, ಅಂದರೆ ಜೆರುಸಲೇಮನ್ನು ಗೆಲ್ಲಲು ಕ್ರೈಸ್ತರು ಹೂಡಿದ ಧರ್ಮಯುದ್ಧದ, ಸೈನ್ಯ ಆ ಊರನ್ನು ಮುತ್ತಿ ಆಗಲೇ ವರ್ಷ ದಾಟಿತ್ತು. ಕೋಟೆಯೊಳಗಿನವರು ಹಸಿವಿನಿಂದ, ರೋಗದಿಂದ ಸಾಯುತ್ತಿದ್ದರು. ಹೊರಗಿನವರೂ ಬಿಸಿಲಿಗೆ, ಜಾಡ್ಯಕ್ಕೆ ಹಣ್ಣಾಗಿದ್ದರು. ನದಿಯ ಮೇಲುಭಾಗದಲ್ಲಿ ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್‌ನ ದಂಡು ಬೀಡುಬಿಟ್ಟಿತ್ತು. ಆಗಸ್ಟ್ 29ರಂದು ಕ್ರುಸೇಡಿನವರು ಆ ದಂಡಿನ ಮೇಲೆ ಏರಿಹೋಗಿ, ಪೆಟ್ಟು ತಿಂದು, ಅಪಾರ ಜನರನ್ನು ಕಳೆದುಕೊಂಡು ಹಿಂದಿರುಗಿದ್ದರು.

ಆ ಸೋಲಿನ ನಂತರ ಒಂದು ದಿನ, ಎರಡು ಪಾಳೆಯಗಳ ನಡುವಿನ ಬಯಲಿಗೆ ಇಬ್ಬರು ಇಳಿದರು. ಮೈಮೇಲೆ ಒರಟು ಬಟ್ಟೆಯ ನಿಲುವಂಗಿ, ಸೊಂಟಕ್ಕೆ ಹಗ್ಗ. ಕೈಯಲ್ಲಿ ಆಯುಧವಿಲ್ಲ, ಯಾವ ದೊರೆಯ ಓಲೆಯೂ ಇಲ್ಲ. ಅವರಲ್ಲಿ ಒಬ್ಬ ಇಟಲಿಯ ಅಸ್ಸಿಸಿ ಊರಿನ ಫ್ರಾನ್ಸಿಸ್. ಇನ್ನೊಬ್ಬ ಅವನ ಜೊತೆಗಾರ ಸನ್ಯಾಸಿ ಇಲ್ಯುಮಿನಾತೊ.

ಈ ಫ್ರಾನ್ಸಿಸ್ ಯುದ್ಧ ಕಾಣದವನೇನಲ್ಲ. ಬಟ್ಟೆ ವ್ಯಾಪಾರಿಯ ಮಗನಾಗಿ ಹುಟ್ಟಿ, ವೀರನಾಗುವ ಹುಚ್ಚಿನಲ್ಲಿ ಪಕ್ಕದ ಪೆರೂಜಾ ಊರಿನ ಮೇಲಿನ ಕಾಳಗಕ್ಕೆ ಹೋಗಿದ್ದ. ಅಲ್ಲಿ ಸೆರೆಸಿಕ್ಕು ಸುಮಾರು ಒಂದು ವರ್ಷ ಕೊಳೆತ. ಆಮೇಲೆ ಅಪ್ಪನ ಆಸ್ತಿ ಬಿಟ್ಟು ಬಡತನವನ್ನೇ ವ್ರತವಾಗಿ ಹಿಡಿದ. ಕತ್ತಿಯ ದಾರಿ ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದು ಅವನಿಗೆ ಸ್ವಂತ ಅನುಭವದಿಂದ ಗೊತ್ತಿತ್ತು. ಆಗಸ್ಟಿನ ಆ ಕಾಳಗಕ್ಕೆ ಮುಂಚೆ, ಬೇಡ, ಸೋಲುತ್ತೀರಿ ಎಂದು ತನ್ನವರಿಗೇ ಹೇಳಿದನಂತೆ. ಅವರು ನಕ್ಕುಬಿಟ್ಟರು ಎಂದು ಅವನ ಮೊದಲ ಜೀವನಚರಿತ್ರೆ ಬರೆದ ಚೆಲಾನೊದ ಥಾಮಸ್ ದಾಖಲಿಸಿದ್ದಾನೆ.

ಸುಲ್ತಾನನನ್ನು ನೋಡಿ ಬರುತ್ತೇವೆ ಎಂದಾಗ ಕ್ರುಸೇಡಿನ ಜೊತೆಗಿದ್ದ ಪೋಪರ ಪ್ರತಿನಿಧಿ ಕಾರ್ಡಿನಲ್ ಪೆಲಾಜಿಯಸ್ ಸುಲಭಕ್ಕೆ ಒಪ್ಪಲಿಲ್ಲ. ಹೋಗುವುದಾದರೆ ನಿಮ್ಮ ಜವಾಬ್ದಾರಿಯ ಮೇಲೆ ಹೋಗಿ, ನಾನು ಕಳಿಸಿದೆ ಎನ್ನಬೇಡಿ ಎಂಬ ಧಾಟಿಯಲ್ಲಿ ಕೈತೊಳೆದುಕೊಂಡ. ಬಯಲು ದಾಟುವಾಗ ಎದುರಿಗೆ ಎರಡು ಕುರಿಮರಿಗಳು ಕಂಡವು, ತೋಳಗಳ ನಡುವೆ ಕುರಿಗಳಂತೆ ನಿಮ್ಮನ್ನು ಕಳಿಸುತ್ತೇನೆ ಎಂಬ ಯೇಸುವಿನ ಮಾತು ನೆನಪಾಗಿ ಫ್ರಾನ್ಸಿಸನಿಗೆ ಧೈರ್ಯ ಬಂತು ಎಂದು ಮುಂದಿನ ತಲೆಮಾರಿನವರು ಬರೆದರು. ಆದರೆ ಸುಲ್ತಾನನ ಕಾವಲಿನವರ ಕೈಗೆ ಸಿಕ್ಕಾಗ ಬಿದ್ದದ್ದು ಏಟು. ಅರಬ್ಬಿ ಭಾಷೆ ಬಾರದ ಫ್ರಾನ್ಸಿಸ್ ಏಟು ತಿನ್ನುತ್ತಲೇ ತನಗೆ ಗೊತ್ತಿದ್ದ ಒಂದೇ ಒಂದು ಶಬ್ದವನ್ನು ಕೂಗಿದನಂತೆ: ಸೊಲ್ದಾನ್, ಸೊಲ್ದಾನ್. ಯಾರೋ ತೀರಾ ತಲೆಕೆಟ್ಟವರಿರಬೇಕು, ಇಲ್ಲವೇ ಸಂಧಾನಕ್ಕೆ ಬಂದವರಿರಬೇಕು ಎನ್ನಿಸಿತೋ ಏನೋ, ಕಾವಲಿನವರು ಇಬ್ಬರನ್ನೂ ಕರೆದೊಯ್ದು ಸುಲ್ತಾನನ ಮುಂದೆ ನಿಲ್ಲಿಸಿದರು.

ಕೇಳುಗರೇ, ಈ ಕಥೆ ಹೇಳುವಾಗ ಎಲ್ಲರೂ ಫ್ರಾನ್ಸಿಸನ ಎದೆಗಾರಿಕೆಯನ್ನು ಕೊಂಡಾಡುತ್ತಾರೆ. ನನಗೆ ಅಷ್ಟೇ ದೊಡ್ಡದಾಗಿ ಕಾಣುವುದು ಎದುರಿಗೆ ಕೂತಿದ್ದವನ ಎದೆಗಾರಿಕೆ. ಅಲ್-ಕಾಮಿಲ್ ಹೆಸರಾಂತ ಸಲಾದೀನನ ತಮ್ಮನ ಮಗ. ಇದೇ ಯುದ್ಧದ ನಡುವೆ, ಹಿಂದಿನ ವರ್ಷವಷ್ಟೇ ತಂದೆಯನ್ನು ಕಳೆದುಕೊಂಡವನು. ಅವನ ಪ್ರಜೆಗಳು ಕೋಟೆಯೊಳಗೆ ಹಸಿದು ಸಾಯುತ್ತಿದ್ದರು. ಹಾಗೆ ಸಾಯಿಸುತ್ತಿದ್ದವರ ಕಡೆಯಿಂದಲೇ ಒಬ್ಬ ಬಂದು, ನಿನಗೆ ನನ್ನ ಧರ್ಮ ತಿಳಿಸಬೇಕು ಎನ್ನುತ್ತಾನೆ. ಸುತ್ತಲಿನ ಪಂಡಿತರು ತಲೆ ತೆಗೆಸಿ ಎಂದು ಸಲಹೆ ಕೊಟ್ಟರಂತೆ. ನನ್ನ ಆತ್ಮದ ಒಳಿತಿಗೆಂದು ಪ್ರಾಣದ ಹಂಗು ತೊರೆದು ಬಂದವರಿಗೆ ಸಾವಿನ ಉಡುಗೊರೆ ಕೊಡಲಾರೆ ಎಂದು ಸುಲ್ತಾನ ಅದನ್ನು ತಳ್ಳಿಹಾಕಿದ. ಕೂರಿಸಿ ಮಾತಾಡಿಸಿದ, ಕೆಲವು ದಿನ ಇರಿಸಿಕೊಂಡ. ಉಡುಗೊರೆ ಕೊಟ್ಟಾಗ ಫ್ರಾನ್ಸಿಸ್ ಮುಟ್ಟಲಿಲ್ಲ. ಆಗ ಊಟ ಹಾಕಿಸಿ, ಜೊತೆಗೆ ಜನ ಕೊಟ್ಟು, ಸುರಕ್ಷಿತವಾಗಿ ಹಿಂದಕ್ಕೆ ಕಳಿಸಿದ. ಹೊರಡುವಾಗ, ದೇವರಿಗೆ ಮೆಚ್ಚುಗೆಯಾದ ದಾರಿಯನ್ನು ನನಗೆ ತೋರಿಸಲೆಂದು ಪ್ರಾರ್ಥನೆ ಮಾಡು ಎಂದು ಕೇಳಿಕೊಂಡ ಎಂದು ಆಗ ಕ್ರುಸೇಡಿನ ಜೊತೆಗೇ ಇದ್ದ ಬಿಷಪ್ ಜಾಕ್ ದ ವಿಟ್ರಿ ಬರೆದಿದ್ದಾನೆ.

ಲೆಕ್ಕ ಹಾಕಿ ನೋಡಿದರೆ ಇದು ಹೋದ ಪುಟ್ಟ, ಬಂದ ಪುಟ್ಟ ಎಂಬಂಥ ಪ್ರಯಾಣ. ಸುಲ್ತಾನ ಕ್ರೈಸ್ತನಾಗಲಿಲ್ಲ. ಫ್ರಾನ್ಸಿಸ್ ಬಯಸಿದ್ದ ಹುತಾತ್ಮನ ಸಾವು ಅವನಿಗೆ ಸಿಗಲಿಲ್ಲ. ಯುದ್ಧವೂ ನಿಲ್ಲಲಿಲ್ಲ. ಈಜಿಪ್ಟು ಬಿಟ್ಟು ಹೋಗಿ, ಜೆರುಸಲೇಮನ್ನು ಕೊಡುತ್ತೇನೆ ಎಂದು ಸುಲ್ತಾನ ಹೇಳಿಕಳಿಸಿದ್ದನ್ನು ಪೆಲಾಜಿಯಸ್ ಒಪ್ಪಲಿಲ್ಲ. ನವೆಂಬರ್ 5ರಂದು ದಮಿಯೆಟ್ಟಾ ಬಿತ್ತು. ಒಳಹೊಕ್ಕ ಸೈನಿಕರಿಗೆ ಬೀದಿಬೀದಿಯಲ್ಲಿ ಕಂಡದ್ದು ಹೆಣಗಳು.

ಹಾಗಾದರೆ ಆ ಭೇಟಿಯಿಂದ ಆದದ್ದಾದರೂ ಏನು? ಎರಡು ವರ್ಷದ ನಂತರ, 1221ರಲ್ಲಿ, ಫ್ರಾನ್ಸಿಸ್ ತನ್ನ ಸನ್ಯಾಸಿ ಬಳಗಕ್ಕೆ ಒಂದು ನಿಯಮಾವಳಿ ಬರೆದ. ಮುಸ್ಲಿಮರ ನಡುವೆ ಹೋಗುವ ಸೋದರರು ಹೇಗಿರಬೇಕು ಎಂಬುದಕ್ಕೆ ಅದರಲ್ಲಿ ಒಂದು ಅಧ್ಯಾಯವೇ ಇದೆ. ಅವನು ಮೊದಲು ಹೇಳುವ ದಾರಿ ಇದು: ವಾದ ಮಾಡಬೇಡಿ, ಜಗಳ ತೆಗೆಯಬೇಡಿ, ದೇವರಿಗೋಸ್ಕರ ಎಲ್ಲರಿಗೂ ತಗ್ಗಿ ನಡೆಯಿರಿ, ನಾವು ಕ್ರೈಸ್ತರು ಎಂಬುದನ್ನು ಮಾತ್ರ ಮುಚ್ಚಿಡಬೇಡಿ. ಧರ್ಮ ಬೋಧಿಸುವುದು ಎರಡನೆಯದು, ಅದೂ ದೇವರಿಗೆ ಇಷ್ಟ ಎಂದು ಕಂಡಾಗ. ಕ್ರುಸೇಡಿನ ಕಾಲದಲ್ಲಿ ಹೀಗೆ ಬರೆಯಬೇಕಾದರೆ ಆ ಬಿಡಾರದಲ್ಲಿ ಉಂಡ ಅನ್ನದ ಋಣ ಒಳಗೆ ಕೆಲಸ ಮಾಡಿರಲೇಬೇಕು. ಇನ್ನೊಂದು ಪತ್ರದಲ್ಲಿ ಅವನು ಊರೂರಿನ ಅಧಿಕಾರಿಗಳಿಗೆ, ಪ್ರತಿ ಸಂಜೆ ಸಾರುವವನೊಬ್ಬನಿಂದಲೋ ಬೇರೆ ಸಂಕೇತದಿಂದಲೋ ಜನರನ್ನು ದೇವರ ಸ್ತುತಿಗೆ ಕರೆಯಿರಿ ಎಂದು ಕೇಳಿಕೊಳ್ಳುತ್ತಾನೆ. ಈಜಿಪ್ಟಿನಲ್ಲಿ ಕೇಳಿದ ಬಾಂಗಿನ ನೆನಪು ಅದರ ಹಿಂದಿದೆ ಎಂದು ಹಲವು ವಿದ್ವಾಂಸರ ಅಭಿಪ್ರಾಯ.

ಸುಲ್ತಾನನೂ ಅದೇ 1221ರಲ್ಲಿ ತಾನು ಎಂಥವನು ಎಂಬುದನ್ನು ಮತ್ತೆ ತೋರಿಸಿದ. ಕೈರೋ ಕಡೆಗೆ ನುಗ್ಗಿದ ಕ್ರುಸೇಡಿನ ಸೈನ್ಯ ನೈಲ್ ನದಿಯ ಪ್ರವಾಹದಲ್ಲಿ ಸಿಕ್ಕಿ, ಹಸಿದು, ಶರಣಾಯಿತು. ಅಲ್-ಕಾಮಿಲ್ ಅವರಿಗೆ ದಿನದಿನವೂ ರೊಟ್ಟಿ ಕಳಿಸಿದ. ಯಾರ ತಂದೆತಾಯಿ, ಮಕ್ಕಳನ್ನು ನಾವು ಕೊಂದೆವೋ ಅವರೇ ನಮ್ಮನ್ನು ಉಣ್ಣಿಸಿ ಬದುಕಿಸಿದರು ಎಂಬರ್ಥದ ಮಾತನ್ನು ಆ ಸೈನ್ಯದ ಜೊತೆಗಿದ್ದ ಒಲಿವರ್ ಎಂಬ ಪಾದ್ರಿ ಬರೆದಿಟ್ಟಿದ್ದಾನೆ. 1229ರಲ್ಲಿ ಜೆರುಸಲೇಮ್ ಇದೇ ಸುಲ್ತಾನನ ಒಪ್ಪಂದದಿಂದ, ಕಾಳಗವಿಲ್ಲದೆ, ಕ್ರೈಸ್ತ ಚಕ್ರವರ್ತಿ ಎರಡನೇ ಫ್ರೆಡರಿಕ್‌ನ ಕೈಗೆ ಬಂತು.

ಫ್ರಾನ್ಸಿಸ್ ಮತ್ತು ಸುಲ್ತಾನನ ಆ ಭೇಟಿಗೆ 800 ವರ್ಷ ತುಂಬಿದ್ದು 2019ರಲ್ಲಿ. ಆ ವರ್ಷದ ಫೆಬ್ರುವರಿ 4ರಂದು, ಅಸ್ಸಿಸಿಯ ಫ್ರಾನ್ಸಿಸನ ಹೆಸರನ್ನೇ ಇಟ್ಟುಕೊಂಡಿದ್ದ ಪೋಪ್ ಫ್ರಾನ್ಸಿಸ್ ಮತ್ತು ಕೈರೋದ ಅಲ್-ಅಜ್‌ಹರ್ ಮಸೀದಿಯ ಮುಖ್ಯ ಇಮಾಮ್ ಅಹ್ಮದ್ ಅಲ್-ತಯ್ಯಿಬ್ ಅಬುಧಾಬಿಯಲ್ಲಿ ಮಾನವ ಸೋದರತೆಯ ಘೋಷಣೆಗೆ ಸಹಿ ಹಾಕಿದರು. ಅರಬ್ ನಾಡಿನಲ್ಲಿ ಕ್ರೈಸ್ತರಾಗಿ ಬದುಕುವುದು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಕುಟುಂಬಗಳು ಗಲ್ಫಿನಲ್ಲಿ ದುಡಿದು, ಅಲ್ಲಿನ ಚರ್ಚುಗಳಲ್ಲಿ ಪೂಜೆಗೆ ಕೂತು ಬಾಳಿವೆ. ದುಬೈನ ಸೇಂಟ್ ಮೇರೀಸ್ ಚರ್ಚು ನಿಂತಿರುವ ಜಾಗ ಅಂದಿನ ದೊರೆ ಶೇಖ್ ರಶೀದ್ ಕೊಟ್ಟದ್ದು.

ಧರ್ಮದ ವಿಷಯ ಬಂದರೆ ನಾವು ಮಾತಿಗೆ ಕೂರುವುದು ಸಾಮಾನ್ಯವಾಗಿ ಗೆಲ್ಲುವುದಕ್ಕೆ. ಮೊಬೈಲಿನ ಗುಂಪುಗಳಲ್ಲಿ ಅಂಥ ವಾದ ದಿನವೂ ನಡೆಯುತ್ತದೆ. ಅದು ಸುಲಭ, ಯಾಕೆಂದರೆ ಎದುರಿನವನ ಮುಖ ಕಾಣುವುದಿಲ್ಲ. ಫ್ರಾನ್ಸಿಸ್ ತನ್ನ ನಂಬಿಕೆಯನ್ನು ಎಳ್ಳಷ್ಟೂ ಬಿಡಲಿಲ್ಲ, ಸುಲ್ತಾನನೂ ಬಿಡಲಿಲ್ಲ. ಇಬ್ಬರೂ ಹೇಳುವುದನ್ನು ಹೇಳಿದರು, ಕೇಳುವುದನ್ನು ಕೇಳಿದರು, ಒಬ್ಬ ಉಣ್ಣಿಸಿದ, ಇನ್ನೊಬ್ಬ ಉಂಡ. ಎದುರಿನವನನ್ನು ಒಪ್ಪಿಸದೆಯೂ ಅವನ ಮನೆಯಿಂದ ಗೌರವದಿಂದ ಎದ್ದು ಬರಬಹುದು ಎಂಬುದಕ್ಕೆ ಅಷ್ಟು ಸಾಕು.

ನಮ್ಮದೇ ಬೀದಿಯಲ್ಲಿ ಬೇರೆ ಧರ್ಮದವರ ಮನೆಯೊಂದು ಇದ್ದೇ ಇರುತ್ತದೆ. ಅವರ ಹಬ್ಬಕ್ಕೆ ಕರೆದರೆ ಹೋಗೋಣ. ಕರೆಯುವ ಸರದಿ ನಮ್ಮದಾದರೆ ಕರೆಯೋಣ. ಬಂದವರಿಗೆ ಬಡಿಸುವಾಗ ವಾದವನ್ನು ಸ್ವಲ್ಪ ಆಚೆಗಿಡೋಣ. ಅದಕ್ಕೆ ಯಾರೂ ತಮ್ಮ ದೇವರನ್ನು ಬಿಟ್ಟುಕೊಡಬೇಕಾಗಿಲ್ಲ.