10 ಕೆಲ್ವಿನ್ ಕೆಳಗಿನ ಆ ಸಣ್ಣ ಏರು

ನಾನು ಎಂಟೆಕ್‌ನಲ್ಲಿ ಓದಿದ್ದು ಸೆಮಿಕಂಡಕ್ಟರ್ ಫಿಲ್ಮ್‌ಗಳನ್ನ, ಈಗ ಪುಣೆಯಲ್ಲಿ ಬರೀತಿರೋದು ಕೋಡ್. ನಿಮ್ಮಲ್ಲೂ ಬಹಳ ಜನರ ಕಥೆ ಇದೇ ಇರುತ್ತೆ, ಬ್ರಾಂಚ್ ಮಾತ್ರ ಬೇರೆ. ಇವತ್ತು ಒಂದೇ ಒಂದು ಗ್ರಾಫ್ ಬಗ್ಗೆ ಮಾತಾಡ್ತೀನಿ.

ಗ್ಯಾಲಿಯಂ ಆರ್ಸೆನೈಡ್‌ಗೆ ಕೆಲವು ಶೇಕಡ ಮ್ಯಾಂಗನೀಸ್ ಸೇರಿಸಿದರೆ ಅದು ಸೆಮಿಕಂಡಕ್ಟರ್ ಆಗಿದ್ದುಕೊಂಡೇ ಅಯಸ್ಕಾಂತವೂ ಆಗುತ್ತೆ. 1996ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಹಿಡಿಯೊ ಓಹ್ನೋ ತಂಡ ಇದನ್ನ ತೋರಿಸಿತು. ಮಾಮೂಲಿ 600 ಡಿಗ್ರಿ ಸೆಲ್ಸಿಯಸ್ ಹತ್ತಿರ ಬೆಳೆಸಿದರೆ ಮ್ಯಾಂಗನೀಸ್ ಗಂಟುಗಂಟಾಗಿ ಬೇರೆಯಾಗುತ್ತೆ, ಅದಕ್ಕೇ ಸುಮಾರು 250 ಡಿಗ್ರಿಯಲ್ಲಿ ಬೆಳೆಸ್ತಾರೆ. ಒಂದೊಂದು ಮ್ಯಾಂಗನೀಸ್ ಪರಮಾಣುವಿಗೂ ಎರಡು ಕೆಲಸ: ಒಂದು ಹೋಲ್ ಕೊಡೋದು, ತನ್ನ ಸ್ಪಿನ್ ಹೊತ್ತು ನಿಲ್ಲೋದು. ಆ ಹೋಲ್‌ಗಳೇ ಸ್ಪಿನ್‌ಗಳನ್ನ ಒಂದೇ ದಿಕ್ಕಿಗೆ ತಿರುಗಿಸ್ತವೆ.

ಈಗ ಗ್ರಾಫ್. ಒಳ್ಳೆಯ ಫಿಲ್ಮನ್ನ ತಣ್ಣಗೆ ಮಾಡ್ತಾ ಹೋದರೆ ಕ್ಯೂರಿ ತಾಪಮಾನದ ಹತ್ತಿರ ರೆಸಿಸ್ಟಿವಿಟಿ ಒಂದು ಗುಡ್ಡ ಹತ್ತಿ ಇಳಿಯುತ್ತೆ. ಸ್ಪಿನ್‌ಗಳು ಸಾಲಾಗಿ ನಿಂತವು, ಚದುರಿಕೆ ಕಡಿಮೆಯಾಯ್ತು, ಸರಿ. ಆದರೆ ಸುಮಾರು 10 ಕೆಲ್ವಿನ್ ಕೆಳಗೆ ಅದು ಮತ್ತೆ ಏರೋಕೆ ಶುರು ಮಾಡುತ್ತೆ. ಸಣ್ಣ ಏರು. ಯಾಕೆ?

ಮೊದಲ ಅನುಮಾನ ಕೊಂಡೊ ಪರಿಣಾಮದ ಮೇಲೆ. 1934ರಲ್ಲಿ ಲೈಡನ್‌ನಲ್ಲಿ ಚಿನ್ನದ ತಂತಿಯಲ್ಲಿ ಇಂಥದ್ದೇ ಏರು ಕಂಡಿತ್ತು. ಕಾರಣ ಹೇಳೋಕೆ 30 ವರ್ಷ ಬೇಕಾಯ್ತು: ಬೆರೆತ ಅಯಸ್ಕಾಂತೀಯ ಪರಮಾಣುಗಳ ಸ್ಪಿನ್ ತಿರುಗಿಬೀಳ್ತಾ ಎಲೆಕ್ಟ್ರಾನನ್ನ ಚದುರಿಸುತ್ತೆ ಅಂತ 1964ರಲ್ಲಿ ಜುನ್ ಕೊಂಡೊ ವಿವರಿಸಿದರು. ನಮ್ಮ ಫಿಲ್ಮ್‌ನಲ್ಲಿ ಮ್ಯಾಂಗನೀಸ್ ಇದ್ದೇ ಇದೆಯಲ್ಲ! ಎರಡನೆಯದು ವೀಕ್ ಲೋಕಲೈಸೇಶನ್. ಒಂದೇ ಸುತ್ತುದಾರಿಯನ್ನ ಎರಡೂ ದಿಕ್ಕಿನಿಂದ ಸುತ್ತಿ ಬಂದ ಅಲೆಗಳು ಕೂಡಿಕೊಂಡು, ಹೋಲ್ ಹೊರಟ ಜಾಗಕ್ಕೇ ಮರಳುವ ಸಾಧ್ಯತೆಯನ್ನ ಹೆಚ್ಚಿಸ್ತವೆ. ಮೂರನೆಯದು ಎಲೆಕ್ಟ್ರಾನ್-ಎಲೆಕ್ಟ್ರಾನ್ ಇಂಟರಾಕ್ಷನ್, ಇಲ್ಲಿ ಹೋಲ್‌ಗಳ ನಡುವಿನದ್ದು. ಅಸ್ತವ್ಯಸ್ತ ವಸ್ತುವಿನಲ್ಲಿ ಅವು ತೆವಳಿಕೊಂಡು ಹೋಗೋದರಿಂದ ಒಂದರ ಮೇಲೊಂದರ ಪ್ರಭಾವಕ್ಕೆ ಜಾಸ್ತಿ ಹೊತ್ತು ಸಿಗುತ್ತೆ.

ಇದು ಬರೀ ಹೆಸರಿಡೋ ಜಗಳ ಅಲ್ಲ. ಕೊಂಡೊ ಅಂದರೆ ಸಾಲಿಗೆ ಸೇರದ ಬಿಡಿ ಸ್ಪಿನ್‌ಗಳಿವೆ ಅಂತ ಅರ್ಥ, ಫಿಲ್ಮ್ ಸುಧಾರಿಸಬೇಕು. ಇಂಟರಾಕ್ಷನ್ ಆದರೆ ಒಳ್ಳೆಯ ಫಿಲ್ಮ್‌ನಲ್ಲೂ ಈ ಏರು ಇರೋದೇ.

ತೊಂದರೆ ಏನಂದರೆ, 2ರಿಂದ 10 ಕೆಲ್ವಿನ್ ಅನ್ನೋದು ತೀರಾ ಇಕ್ಕಟ್ಟಾದ ಕಿಟಕಿ. ಲಾಗ್ ಟಿ ಹಾಕಿ, ವರ್ಗಮೂಲ ಹಾಕಿ, ಘನಮೂಲ ಹಾಕಿ, ಎಲ್ಲವೂ ಹೆಚ್ಚುಕಮ್ಮಿ ನೆಟ್ಟಗಿನ ಗೆರೆಯಂತೆಯೇ ಕಾಣ್ತವೆ. ಫಿಟ್ ಚೆನ್ನಾಗಿ ಬಂತು ಅಂತ ಕಾರಣ ಸಿಕ್ಕಿಬಿಟ್ಟಿತು ಅನ್ನೋ ಪೇಪರ್ ನೋಡಿದರೆ ನನಗೆ ರೇಗುತ್ತೆ. ಸರ್ವರ್ ನಿಧಾನ ಆದಾಗ ನಾವು ಡ್ಯಾಶ್‌ಬೋರ್ಡನ್ನೇ ದಿಟ್ಟಿಸ್ತಾ ಕೂರ್ತೀವಾ? ಒಂದೊಂದನ್ನೇ ಆಫ್ ಮಾಡಿ ನೋಡ್ತೀವಿ.

ಜರ್ಮನಿಯ ರೆಗೆನ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡ ಮಾಡಿದ್ದೂ ಅದನ್ನೇ. 2008ರ ಅವರ ಪೇಪರ್‌ನಲ್ಲಿ ತಾಪಮಾನವನ್ನ 20 ಮಿಲಿಕೆಲ್ವಿನ್‌ವರೆಗೆ ಇಳಿಸಿದ್ದಾರೆ. ಕಿಟಕಿ ದೊಡ್ಡದಾಯ್ತು. ಜೊತೆಗೆ ಅದೇ ವಸ್ತುವಿನ ಸಣ್ಣ ವೈರ್‌ಗಳನ್ನೂ ಅಳೆದರು. ಫಿಲ್ಮ್‌ನಲ್ಲಿ ವಾಹಕತೆ ಲಾಗ್ ಟಿ ಪ್ರಕಾರ ಇಳಿಯಿತು, ವೈರ್‌ನಲ್ಲಿ ಒಂದರ ಕೆಳಗೆ ವರ್ಗಮೂಲ ಟಿ ಪ್ರಕಾರ. ಕಾಂತಕ್ಷೇತ್ರ ಹಾಕಿದರೂ ಏನೂ ಬದಲಾಗಲಿಲ್ಲ. ಕೊಂಡೊ ಆಗಲಿ ವೀಕ್ ಲೋಕಲೈಸೇಶನ್ ಆಗಲಿ ಆಗಿದ್ದರೆ ಕ್ಷೇತ್ರಕ್ಕೆ ಅಲುಗಾಡಬೇಕಿತ್ತು. ಹಾಗಂತ ವೀಕ್ ಲೋಕಲೈಸೇಶನ್ ಇಲ್ಲವೇ ಇಲ್ಲ ಅಂತಲ್ಲ, 2007ರಲ್ಲಿ ಅದರ ಸಣ್ಣ ಗುರುತನ್ನ ಇದೇ ವಸ್ತುವಿನಲ್ಲಿ ತೋರಿಸಿದ್ದೂ ಇದೇ ತಂಡ. ಆದರೆ ಈ ಏರಿನಲ್ಲಿ ದೊಡ್ಡ ಪಾಲು ಇಂಟರಾಕ್ಷನ್‌ದು.

ಆಕಾರ ಯಾಕೆ ಮುಖ್ಯ ಅಂತ ಕೇಳಬಹುದು. ಇಂಟರಾಕ್ಷನ್‌ಗೆ ಒಂದು ಉದ್ದ ಇದೆ, ತಣ್ಣಗಾದಷ್ಟೂ ಅದು ಬೆಳೆಯುತ್ತೆ. 4 ಕೆಲ್ವಿನ್‌ನಲ್ಲಿ ಹತ್ತಾರು ನ್ಯಾನೊಮೀಟರ್ ಇರೋದು ಮಿಲಿಕೆಲ್ವಿನ್‌ಗೆ ಬರೋ ಹೊತ್ತಿಗೆ ನೂರು ದಾಟುತ್ತೆ. ಅದು ಫಿಲ್ಮಿನ ದಪ್ಪ ಮೀರಿದರೆ ಫಿಲ್ಮ್ ಎರಡು ಆಯಾಮದ್ದು, ವೈರಿನ ಅಗಲವನ್ನೂ ಮೀರಿದರೆ ವೈರ್ ಒಂದು ಆಯಾಮದ್ದು.

ಇದರ ಚಿಪ್ ಯಾಕೆ ಬರಲಿಲ್ಲ ಅಂದರೆ, ಕ್ಯೂರಿ ತಾಪಮಾನ ಇನ್ನೂ ಸುಮಾರು 200 ಕೆಲ್ವಿನ್‌ನಲ್ಲೇ ಇದೆ, ಅಂದರೆ ಸೊನ್ನೆಗಿಂತ 73 ಡಿಗ್ರಿ ಕೆಳಗೆ. ನಿಮ್ಮ ಹತ್ತಿರ ಎಂಟೆಕ್ ಕಾಲದ ಇಂಥ ಡೇಟಾ ಇದ್ದರೆ ಮೂರೂ ಥರ ಪ್ಲಾಟ್ ಮಾಡಿ ನೋಡಿ, ಮುಂದಿನ ಸಲ ಅದನ್ನೇ ಇಟ್ಟುಕೊಂಡು ಕೂರೋಣ.