ಕೆರೆಯ ಕಂದು ನೀರು

(ಮೈಸೂರಿನಲ್ಲಿ ಮೀನು ಕೃಷಿಕರ ತರಬೇತಿಯಲ್ಲಿ ಮಾಡಿದ ಭಾಷಣ)



ಮೀನುಮರಿ ಬಿಡುವ ಮುನ್ನ ನೀವು ಕೆರೆಯ ಆಳ ನೋಡುತ್ತೀರಿ. ನೀರಿನ ಬಣ್ಣವನ್ನೂ ನೋಡಬೇಕು. ತೆಳು ಕಂದು ಬಣ್ಣಕ್ಕೆ ಅನೇಕ ವೇಳೆ ಡಯಾಟಂ ಎಂಬ ಸೂಕ್ಷ್ಮ ಪಾಚಿಗಳೇ ಕಾರಣ. ಮಳೆ ಬಂದ ಮರುದಿನದ ಕೆಮ್ಮಣ್ಣಿನ ಬಗ್ಗಡ ಬೇರೆ, ಇದು ಬೇರೆ.

ಇವುಗಳಲ್ಲಿ ಆಲಕೊಸೈರಾ ಗ್ರಾನ್ಯುಲೇಟಾ ಎಂಬುದೊಂದಿದೆ. ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಮೆಲೊಸೈರಾ. ಬೆಚ್ಚಗಿನ, ಪೋಷಕಾಂಶ ಹೆಚ್ಚಿರುವ ಕೆರೆ, ಜಲಾಶಯ, ನಿಧಾನವಾಗಿ ಹರಿಯುವ ನದಿಗಳಲ್ಲಿ ಇದು ಪ್ರಪಂಚದ ಅನೇಕ ಕಡೆ ಸಿಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಣ್ಣ ಗಾಜಿನ ಕೊಳವೆಗಳನ್ನು ಸಾಲಾಗಿ ಜೋಡಿಸಿದಂತೆ ಕಾಣುತ್ತದೆ. ಗಾಜು ಎಂದದ್ದು ಬರಿಯ ಹೋಲಿಕೆಯಲ್ಲ. ಇದರ ಕವಚ ಸಿಲಿಕಾದಿಂದ ಆದುದು. ಕಲ್ಲು ಮಣ್ಣು ಸವೆದು ನೀರಿನಲ್ಲಿ ಕರಗಿ ಬರುವ ಸಿಲಿಕಾವನ್ನು ಹೀರಿಕೊಂಡೇ ಇದು ಬೆಳೆಯಬೇಕು.

ಕವಚ ಭಾರವಾದ್ದರಿಂದ ನೀರು ಅಲುಗದಿದ್ದರೆ ಇದು ತಳಕ್ಕಿಳಿಯುತ್ತದೆ. ಕೆಸರಿನಲ್ಲಿ ಸುಪ್ತವಾಗಿ ಉಳಿದು, ಆಷಾಢದಂತಹ ಗಾಳಿ ಕೆರೆಯನ್ನು ಕಲಕಿದಾಗ ಮೇಲೆದ್ದು, ಬೆಳಕು ಕಂಡು ಮತ್ತೆ ಬೆಳೆಯಬಲ್ಲದು. ಡಯಾಟಂಗಳನ್ನು ಬೆಳ್ಳಿ ಗೆಂಡೆ ನೇರವಾಗಿ ಸೋಸಿ ತಿನ್ನುತ್ತದೆ. ಕಾಟ್ಲಾ ಹೆಚ್ಚಾಗಿ ತಿನ್ನುವ ಸೂಕ್ಷ್ಮ ಪ್ರಾಣಿಗಳಿಗೂ ಇವು ಆಹಾರ.

ಇದಕ್ಕೆ ಎದುರಾಳಿ ಮೈಕ್ರೊಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ. ಅದರ ಕೋಶಗಳಲ್ಲಿ ಗಾಳಿ ಗುಳ್ಳೆಗಳಿರುವುದರಿಂದ ನಿಂತ ನೀರಿನಲ್ಲಿ ಅದು ತೇಲುತ್ತದೆ, ಡಯಾಟಂ ಮುಳುಗುತ್ತದೆ. ಚರಂಡಿ ನೀರೂ ಗೊಬ್ಬರವೂ ಸಾರಜನಕ, ರಂಜಕಗಳನ್ನು ಸುರಿಯುತ್ತವೆ. ಸಿಲಿಕಾ ಆ ಪ್ರಮಾಣದಲ್ಲಿ ಬರುವುದಿಲ್ಲ. ಬೇಸಿಗೆಯಲ್ಲಿ ಹಸಿರು ಕೆನೆ ಕಟ್ಟುವುದು ಹೀಗೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಕುಕ್ಕರಹಳ್ಳಿ ಕೆರೆಗೂ ನಗರದ ಕೊಳೆ ನೀರು ಸೇರಿ ಹಸಿರುಗಟ್ಟಿದ್ದುಂಟು. ಅರಮನೆ ನಗರದ ಕೆರೆಗೇ ಹೀಗಾದರೆ ಹಳ್ಳಿಯ ಕಟ್ಟೆಯನ್ನು ಕೇಳುವವರು ಯಾರು! ನಾವೇ ನೋಡಿಕೊಳ್ಳಬೇಕು.

ಪರೀಕ್ಷೆಗೆ ಯಂತ್ರ ಬೇಡ. ಬಿಸಿಲೇರಿದ ಮೇಲೆ ಕೈಯನ್ನು ನೇರವಾಗಿ ನೀರಿಗಿಳಿಸಿ. ಮೊಣಕೈವರೆಗೆ ಮುಳುಗಿದಾಗ ಅಂಗೈ ಮರೆಯಾದರೆ ಆಹಾರ ಸಾಕಷ್ಟಿದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಮರೆಯಾದರೆ ಸಗಣಿ, ಸೂಪರ್ ಫಾಸ್ಫೇಟ್ ಎರಡನ್ನೂ ನಿಲ್ಲಿಸಿ. ಬಗ್ಗಡ ನೀರಿನಲ್ಲಿ ಈ ಪರೀಕ್ಷೆ ನಡೆಯದು.

ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕ ಸಾಲುತ್ತಿಲ್ಲ. ತಡಮಾಡದೆ ಹೊಸ ನೀರು ಬಿಡಿ; ಇಲ್ಲವೇ ಪಂಪಿನಿಂದ ಅದೇ ನೀರನ್ನು ಎತ್ತಿ ಎತ್ತರದಿಂದ ಚಿಮ್ಮಿಸಿ. ಹಸಿರು ಕೆನೆ ಕಟ್ಟಿದ ದಡದಲ್ಲಿ ದನಕರುಗಳಿಗೆ ನೀರು ಕುಡಿಸಬೇಡಿ. ಮೈಕ್ರೊಸಿಸ್ಟಿಸ್‌ನಲ್ಲಿ ಯಕೃತ್ತಿಗೆ ತಗಲುವ ವಿಷವಿರಬಹುದು. ಅದು ಕಾಯಿಸಿದರೂ ಹೋಗುವುದಿಲ್ಲ.